ನಮ್ಮ ಕೈ ನಮಗೆ ಕಾಣುವ ಗುಹೆ

1990ರ ಆಸುಪಾಸಿನಲ್ಲಿ ವರ್ಚುವಲ್ ರಿಯಾಲಿಟಿ ಎಂದರೆ ತಲೆಗೆ ಬಿಗಿದುಕೊಳ್ಳುವ ಭಾರದ ಹೆಲ್ಮೆಟ್. ತೊಟ್ಟವರಿಗೆ ಸುತ್ತಲಿನ ಕೋಣೆಯಷ್ಟೇ ಅಲ್ಲ, ತಮ್ಮ ಕೈಕಾಲೂ ಕಾಣಿಸುತ್ತಿರಲಿಲ್ಲ. ಪಕ್ಕದಲ್ಲಿದ್ದವರಿಗೆ 'ಇಲ್ಲಿ ನೋಡಿ' ಎಂದು ಬೆರಳು ತೋರಿಸುವಂತೆಯೂ ಇರಲಿಲ್ಲ. ತಲೆ ಹೊರಳಿಸಿದರೆ ಚಿತ್ರ ತುಸು ತಡವಾಗಿ ಹಿಂಬಾಲಿಸುತ್ತಿತ್ತು. ಹಲವರಿಗೆ ತಲೆಸುತ್ತು ಬರುತ್ತಿದ್ದದ್ದು ಇದರಿಂದಲೇ.

ಕರೋಲಿನಾ ಕ್ರೂಸ್-ನೇಯ್ರಾ ಆಗ ಶಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ವೆನೆಜುವೆಲಾದ ಕರಾಕಸ್‌ನಲ್ಲಿ ಎಂಜಿನಿಯರಿಂಗ್ ಓದಿ ಬಂದವರು. ಅಲ್ಲಿನ ಪ್ರಾಧ್ಯಾಪಕರಾದ ಡೇನಿಯಲ್ ಸ್ಯಾಂಡಿನ್, ಥಾಮಸ್ ಡಿಫಾಂಟಿ ಅವರೊಂದಿಗೆ ಸೇರಿ ಅವರು ಪರದೆಗಳಿಂದಲೇ ಒಂದು ಕೋಣೆ ಕಟ್ಟಿದರು. ಉದ್ದ, ಅಗಲ, ಎತ್ತರ ಎಲ್ಲವೂ ಸುಮಾರು 10 ಅಡಿ. ಮೂರು ಗೋಡೆಗಳಿಗೆ ಹಿಂದಿನಿಂದ, ನೆಲಕ್ಕೆ ಮೇಲಿನಿಂದ ಪ್ರೊಜೆಕ್ಟರ್ ಬೆಳಕು. 1992ರಲ್ಲಿ ಸಿಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಜನ ಇದರೊಳಗೆ ಕಾಲಿಟ್ಟರು. ಹೆಸರು 'ಕೇವ್', ಅಂದರೆ ಗುಹೆ. ಗೋಡೆಯ ಮೇಲಿನ ನೆರಳುಗಳನ್ನೇ ನಿಜವೆಂದು ನಂಬುವವರ ಬಗ್ಗೆ ಪ್ಲೇಟೊ ಹೇಳಿದ ಕಥೆಯ ನೆನಪು.

ಕೇವ್‌ನಲ್ಲಿ ತೊಡುವುದು ಹಗುರವಾದ ಕನ್ನಡಕ ಮಾತ್ರ. ಪರದೆಯ ಮೇಲೆ ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಸೆಕೆಂಡಿಗೆ ಹತ್ತಾರು ಬಾರಿ ಸರದಿಯಂತೆ ಮೂಡುತ್ತವೆ. ಅದೇ ತಾಳಕ್ಕೆ ಕನ್ನಡಕದ ಗಾಜುಗಳು ಒಂದೊಂದಾಗಿ ಮುಚ್ಚಿ ತೆರೆಯುತ್ತವೆ. ಮಿದುಳು ಎರಡನ್ನೂ ಬೆಸೆದಾಗ ವಸ್ತು ಗೋಡೆ ಬಿಟ್ಟು ಕೋಣೆಯ ನಡುವೆ ತೇಲುತ್ತದೆ. ತಲೆ ಎಲ್ಲಿದೆ ಎಂಬುದನ್ನು ಸಂವೇದಕವೊಂದು ಕಂಪ್ಯೂಟರಿಗೆ ತಿಳಿಸುತ್ತಲೇ ಇರುತ್ತದೆ, ಆದ್ದರಿಂದ ಬಗ್ಗಿದರೆ ವಸ್ತುವಿನ ಅಡಿಭಾಗವೂ ಕಾಣುತ್ತದೆ. ನನಗೆ ತುಂಬ ಹಿಡಿಸಿದ ಜಾಣ್ಮೆ ಇನ್ನೊಂದಿದೆ: ತಲೆ ಹೊರಳಿಸಿದಾಗ ಪಕ್ಕದ ಗೋಡೆಯ ಮೇಲೆ ಚಿತ್ರ ಆಗಲೇ ಸಿದ್ಧವಾಗಿರುತ್ತದೆ. ತಡದ ಕಾಟ ಅಲ್ಲಿಗೆ ಬಹಳಷ್ಟು ತಗ್ಗಿತು.

ಅಂಕಿಗಳ ರಾಶಿಯಾಗಿದ್ದ ಅಣುರಚನೆಯೊಂದು ಕೇವ್‌ನಲ್ಲಿ ಆಳೆತ್ತರ ನಿಲ್ಲುತ್ತದೆ. ಸಂಶೋಧಕರು ಅದರ ಸುತ್ತ ನಡೆದಾಡಿ, ಸಂದಿಯಲ್ಲಿ ಇಣುಕಿ, ಕೈಮಾಡಿ ವಾದಿಸುತ್ತಾರೆ. ಕಾರು ತಯಾರಕರೂ ಈ ಕೋಣೆಗೆ ಬಂದರು. ಇನ್ನೂ ತಯಾರಾಗದ ಕಾರಿನೊಳಗೆ ಕುಳಿತು ನೋಡುವ ಸೌಲಭ್ಯ ಅವರಿಗೆ ಬೇಕಿತ್ತು.

ಕ್ರೂಸ್-ನೇಯ್ರಾ ಮುಂದೆ ಐಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರೂ ಮೈಗಳು ಪರದೆಯಾಗಿರುವ 'ಸಿ6' ಕೋಣೆಯನ್ನು ರೂಪಿಸಿದರು. 2000ದಲ್ಲಿ ಅದು ತೆರೆಯಿತು. ಒಮ್ಮೆ ಬರೆದ ಪ್ರೋಗ್ರಾಂ ಗುಹೆಯಲ್ಲೂ ಹೆಲ್ಮೆಟ್‌ನಲ್ಲೂ ಓಡಲೆಂದು 'ವಿಆರ್ ಜಗ್ಲರ್' ಎಂಬ ಮುಕ್ತ ತಂತ್ರಾಂಶ ಅವರ ತಂಡದಿಂದ ಬಂತು. ಲೂಯಿಸಿಯಾನ, ಅರ್ಕನ್ಸಾ, ಫ್ಲಾರಿಡಾಗಳಲ್ಲೂ ದುಡಿದರು. 2018ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದರು.

ಮೊದಲ ಕೇವ್‌ನ ಒಂದು ತೊಡಕನ್ನೂ ಹೇಳಬೇಕು. ಸಂವೇದಕ ಒಬ್ಬರ ತಲೆಯನ್ನಷ್ಟೇ ಗಮನಿಸುತ್ತಿತ್ತು. ಉಳಿದವರೂ ಅದೇ ಕಣ್ಣಿನ ನೋಟವನ್ನು ಕಾಣಬೇಕಿತ್ತು. ದೂರ ನಿಂತಷ್ಟೂ ವಸ್ತು ಓರೆಯಾಗಿ ಕಾಣುತ್ತಿತ್ತು. ಸರಿಯಾಗಿ ನೋಡಬೇಕೆಂದರೆ ಆ ಒಬ್ಬರ ಭುಜಕ್ಕೆ ಭುಜ ತಾಗಿಸಿಯೇ ನಿಲ್ಲಬೇಕಿತ್ತು.