ಹೊಳೆ ಕಾಣದ ದ್ರಾಕ್ಷಿ ಪ್ರವಾಸ

ರೈನ್ ನದಿಯ ಹಡಗು ಪ್ರವಾಸದ ದಿನಕ್ಕೊಂದು ಸಿದ್ಧ ಅಚ್ಚಿದೆ. ಬೆಳಿಗ್ಗೆ ದಡದ ಮೇಲಿನ ಕೋಟೆ, ಮಧ್ಯಾಹ್ನ ಇಳಿಜಾರಿನ ದ್ರಾಕ್ಷಿತೋಟ, ನೆಲಮಾಳಿಗೆಯಲ್ಲಿ ವೈನ್ ರುಚಿ, ಸಂಜೆ ಹಡಗಿನಲ್ಲೇ ಊಟ. ಬೆಂಗಳೂರಿನಿಂದ ನಸುಕಿನಲ್ಲೇ ಹೊರಟು ನಂದಿಬೆಟ್ಟದಲ್ಲಿ ಸೂರ್ಯೋದಯ, ದೇವನಹಳ್ಳಿಯಲ್ಲಿ ಕೋಟೆ ನೋಡಿ, ದೊಡ್ಡಬಳ್ಳಾಪುರದ ಬಳಿ ವೈನ್ ಜೊತೆ ಊಟ ಮುಗಿಸಿ ಬರುವವರ ದಿನವೂ ಹೆಚ್ಚುಕಡಿಮೆ ಅದೇ ಅಚ್ಚಿನದು. ಹಡಗಿಲ್ಲ, ಅಷ್ಟೇ. ಹೊಳೆ ಮಾತ್ರ ಇಲ್ಲೂ ಇದೆ: ಅರ್ಕಾವತಿ ಹುಟ್ಟುವುದೇ ನಂದಿಬೆಟ್ಟದಲ್ಲಿ, ದೊಡ್ಡಬಳ್ಳಾಪುರವನ್ನು ಹಾದೇ ಅದು ಹೆಸರಘಟ್ಟದ ಕಡೆಗೆ ಸಾಗುತ್ತದೆ. ಹೊಳೆಯ ಹುಟ್ಟಿನಲ್ಲೇ ದಿನ ಶುರು ಮಾಡಿದವರು ಊಟದ ಹೊತ್ತಿಗೂ ಅದರ ಹೆಸರು ಕೇಳಿರುವುದಿಲ್ಲ. ಈ ಪ್ರವಾಸ ಹೇಗೆ ಹುಟ್ಟಿತೆಂಬ ಕತೆಯಿಂದ ಅರ್ಕಾವತಿಯನ್ನು ಬಿಟ್ಟರೆ ಕತೆ ಅರ್ಧವೇ ಉಳಿಯುತ್ತದೆ ಎಂಬುದು ನನ್ನ ವಾದ.

ರೈನ್ ದಂಡೆಯಲ್ಲಿ ತೋಟವನ್ನೂ ಪ್ರವಾಸವನ್ನೂ ಬೆಳೆಸಿದ್ದು ನದಿಯೇ. ಮೊದಲು ವೈನ್ ಪೀಪಾಯಿಗಳನ್ನು ಸಾಗಿಸಿತು. 1820ರ ದಶಕದಲ್ಲಿ ಉಗಿಹಡಗು ಬಂದ ಮೇಲೆ ನೋಡುಗರನ್ನು ಸಾಗಿಸಿತು. ನಮ್ಮಲ್ಲಿ ದ್ರಾಕ್ಷಿಯನ್ನು ಸಾಕಿದ್ದು ತಂಪು ಹವೆ ಮತ್ತು ಪಕ್ಕದ ಪೇಟೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲದಲ್ಲಿ ಬೆಂಗಳೂರು ನೀಲಿ ಎಂಬ ದ್ರಾಕ್ಷಿ ತಳಿ ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಕಲ್ಲುಕೂಚ ನೆಟ್ಟು, ತಂತಿ ಎಳೆದು, ತಲೆಗಿಂತ ಸ್ವಲ್ಪ ಮೇಲೆ ಹಬ್ಬಿಸಿದ ಚಪ್ಪರ. ಕೆಳಗೆ ಮಬ್ಬು ನೆರಳು, ಮೇಲಿಂದ ಇಳಿಬಿದ್ದ ಕಪ್ಪುನೀಲಿ ಗೊಂಚಲು. ದಪ್ಪ ಸಿಪ್ಪೆಯ, ಮೂಗಿಗೆ ಹೊಡೆಯುವ ಘಮದ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಪ್ರವಾಸಿಯ ಲೋಟಕ್ಕೆ ಬರುವುದು ಬಹುಮಟ್ಟಿಗೆ ಇದಲ್ಲ. ಉದ್ಯಮಿ ಕನ್ವಲ್ ಗ್ರೋವರ್ ಫ್ರಾನ್ಸಿನ ಷಾಂಪೇನ್ ಸೀಮೆಯ ಪರಿಣತ ಜಾರ್ಜ್ ವೆಸೆಲ್ ಜೊತೆಗೂಡಿ, ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿ, 1988ರಲ್ಲಿ ಇಲ್ಲಿ ವೈನ್ ಕಂಪನಿ ಕಟ್ಟಿದರು. ಆ ತಳಿಗಳ ಸಾಲುಗಳನ್ನೇ ಇಂದು ನಡೆಸಿಕೊಂಡು ಹೋಗಿ ತೋರಿಸುವುದು. ರಾಜ್ಯದ 2007ರ ವೈನ್ ನೀತಿ ಮತ್ತು ವೈನ್ ಮಂಡಳಿ ವೈನನ್ನು ಸಾರಾಯಿಯ ಸಾಲಿನಿಂದ ಎಬ್ಬಿಸಿ ತೋಟದ ಬೆಳೆಯ ಪಕ್ಕ ಕೂರಿಸಿದವು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು, ದಾರಿ ಅಗಲವಾಯಿತು.

ಇದೆಲ್ಲ ಯುರೋಪಿನ ನಕಲು, ಉಳ್ಳವರ ಶೋಕಿ ಎನ್ನುವವರಿದ್ದಾರೆ. ಊರು ಸುತ್ತಿ, ನೋಡಿ, ಉಂಡು ಬರುವುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬಂದವರೂ ಮಾಡಿದ್ದು ಅದನ್ನೇ. ಲೋಟವನ್ನು ಬಿಳಿ ಬಟ್ಟೆಯ ಮುಂದೆ ಓರೆ ಹಿಡಿದು ಬಣ್ಣ ನೋಡುವ ಶಾಸ್ತ್ರ ಹೊರಗಿನಿಂದ ಬಂದದ್ದು ನಿಜ, ಆದರೆ ಆ ಲೆಕ್ಕಕ್ಕೆ ದ್ರಾಕ್ಷಿಯೂ ಹೊರಗಿನದೇ. ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದು: ಅರ್ಕಾವತಿ ಈಗ ಬತ್ತಿದೆ, ಅದನ್ನು ಬತ್ತಿಸಿದ್ದೇ ಈ ತೋಟಗಳು ಎಂಬುದು. ಏಟ್ರೀ ಎಂಬ ಪರಿಸರ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಅರ್ಕಾವತಿ ಬತ್ತಿದ್ದಕ್ಕೆ ಮಳೆಯನ್ನು ದೂರಲಿಲ್ಲ. ಕೊಳವೆಬಾವಿಗಳ ಎಳೆತವನ್ನೂ ನೀಲಗಿರಿ ತೋಪುಗಳನ್ನೂ ಮುಖ್ಯ ಕಾರಣವೆಂದಿತು. ಹನಿ ನೀರಾವರಿಯ ದ್ರಾಕ್ಷಿಯೊಂದನ್ನೇ ಕಟಕಟೆಗೆ ತರುವುದು ನ್ಯಾಯವಲ್ಲ. ಹಾಗೆಂದು ಅದು ನಿರ್ದೋಷಿಯೂ ಅಲ್ಲ, ಅದರ ಹನಿಯೂ ಮೇಲೇಳುವುದು ಅದೇ ಆಳದಿಂದ. ಬರುವ ನಗರದವರೂ ಈ ಲೆಕ್ಕದ ಹೊರಗಿಲ್ಲ: 1890ರ ದಶಕದಿಂದ ಹೆಸರಘಟ್ಟ, 1933ರಿಂದ ತಿಪ್ಪಗೊಂಡನಹಳ್ಳಿ ಬೆಂಗಳೂರಿನ ನಲ್ಲಿಗೆ ಕೊಟ್ಟದ್ದು ಇದೇ ಅರ್ಕಾವತಿಯ ನೀರು.

ಊಟದ ನಡುವೆ ಯಾರಿಗೆ ಬೇಕು ಈ ನೀರಿನ ಪುರಾಣ ಎನ್ನಬಹುದು. ಆದರೆ ನೆಲಮಾಳಿಗೆಯಲ್ಲಿ ಓಕ್ ಪೀಪಾಯಿ ಯಾವ ದೇಶದ ಮರ, ಎಷ್ಟು ವರ್ಷ ಹಳೆಯದು ಎಂದು ಆಸೆಯಿಂದ ಕೇಳುವ ಪ್ರವಾಸಿಗೆ, ಕೊಳವೆಬಾವಿ ಎಷ್ಟು ಅಡಿ ಎಂಬುದು ಬೇಸರ ತರಿಸೀತೆಂದು ಮೊದಲೇ ತೀರ್ಮಾನಿಸುವುದೇಕೆ? ರೈನ್‌ನಲ್ಲಿ ನೀರಿನ ಮಟ್ಟದ ಸಂಖ್ಯೆ ಸುದ್ದಿಯೇ ಆಗುತ್ತದೆ. 2022ರ ಆಗಸ್ಟ್‌ನಲ್ಲಿ ರೈನ್ ದಂಡೆಯ ಕೌಬ್ ಊರಿನ ಮಾಪಕ 40 ಸೆಂಟಿಮೀಟರಿಗಿಂತ ಕೆಳಗಿಳಿದದ್ದನ್ನು ಜಗತ್ತೇ ಓದಿತು. ಅಂಥ ಬರದಲ್ಲಿ ಹಡಗು ಪ್ರವಾಸಿಗರನ್ನು ಇಳಿಸಿ, ಬಸ್ಸು ಹತ್ತಿಸಿ, ಕೋಟೆ, ತೋಟ, ಊಟ ಎಂದು ರಸ್ತೆಯಲ್ಲೇ ಸುತ್ತಿಸುತ್ತಾರೆ, ಥೇಟ್ ದೊಡ್ಡಬಳ್ಳಾಪುರದ ಹಾಗೆ.