ಹದವರಿತು ಔಷಧ ನೀಡುವ ಸೂಕ್ಷ್ಮ ಕಣಗಳು

ನಮ್ಮ ಅಥಣಿ ಸೀಮೆಯ ಅನೇಕ ಮನೆಗಳಲ್ಲಿ ರಕ್ತದೊತ್ತಡ, ಮಧುಮೇಹಗಳ ಗುಳಿಗೆ ನಿತ್ಯದ ಸಂಗಾತಿಯಾಗಿದೆ. ಸಾಧಾರಣ ಗುಳಿಗೆಯು ಹೊಟ್ಟೆಯಲ್ಲಿ ಬೇಗನೆ ಕರಗುತ್ತದೆ. ರಕ್ತದಲ್ಲಿ ಔಷಧದ ಪ್ರಮಾಣ ಒಮ್ಮೆಲೇ ಏರಿ, ಕೆಲವು ತಾಸುಗಳಲ್ಲಿ ಇಳಿಯುತ್ತದೆ. ಏರಿದಾಗ ಅಡ್ಡಪರಿಣಾಮದ ಭಯ. ಇಳಿದಾಗ ರೋಗ ಮರುಕಳಿಸುವ ಭಯ.

ಇದಕ್ಕೆ ಪರಿಹಾರವನ್ನು ಅರಸಿದವರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೇವೆ ಸಲ್ಲಿಸಿದ್ದ ರಸಾಯನವಿಜ್ಞಾನಿ ಡಾ. ತೇಜರಾಜ ಅಮಿನಭಾವಿ ಅವರೂ ಒಬ್ಬರು. ಚಿಕ್ಕ ಅಣುಗಳು ಸರಪಳಿಯಂತೆ ಬೆಸೆದುಕೊಂಡ ದೊಡ್ಡ ಅಣುವೇ ಪಾಲಿಮರ್. ಅವರ ತಂಡವು ಚವಳಿಕಾಯಿ ಬೀಜದ ಅಂಟನ್ನು ಇನ್ನೊಂದು ಪಾಲಿಮರ್‌ನೊಡನೆ ಹೆಣೆದು, ರಕ್ತದೊತ್ತಡದ ಔಷಧವನ್ನು ಮೆಲ್ಲಗೆ ಬಿಡುವ ಸೂಕ್ಷ್ಮ ಗೋಲಿಗಳನ್ನು ರೂಪಿಸಿತು. ಬೇವಿನ ಬೀಜದ ಎಣ್ಣೆಯನ್ನು ಕಡಲಪಾಚಿಯ ಆಲ್ಜಿನೇಟ್ ಮಣಿಗಳಲ್ಲಿ ತುಂಬಿ, ಅದು ನಿಧಾನವಾಗಿ ಹೊರಬರುವಂತೆ ಮಾಡಿತು. 2001ರಲ್ಲಿ ಸಂಗಡಿಗರೊಡನೆ ಅವರು ಜೈವಿಕವಾಗಿ ಕರಗುವ ಪಾಲಿಮರ್ ನ್ಯಾನೊಕಣಗಳ ಕುರಿತು ಬರೆದ ಸಮೀಕ್ಷಾ ಲೇಖನವನ್ನು ಜಗತ್ತಿನ ಸಂಶೋಧಕರು ವ್ಯಾಪಕವಾಗಿ ಉಲ್ಲೇಖಿಸಿದ್ದಾರೆ.

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೊಮೀಟರ್. ಈ ಕಣಗಳ ಗಾತ್ರ ಸುಮಾರು 10ರಿಂದ 1000 ನ್ಯಾನೊಮೀಟರ್. ಪಾಲಿಮರ್ ಸವೆದಂತೆ ಒಳಗಿನ ಔಷಧ ಹದವರಿತು ಹೊರಬರುತ್ತದೆ.

ಭಕ್ತರು ಒಂದು ಮಾತನ್ನು ಗಮನಿಸಬೇಕು. ನಿಧಾನವಾಗಿ ಔಷಧ ಬಿಡುವ ಗುಳಿಗೆಗಳಲ್ಲಿಯೂ ಪಾಲಿಮರ್‌ನದೇ ಕೆಲಸ. ಹೆಸರಿನ ಮುಂದೆ ‘ಎಸ್‌ಆರ್’, ‘ಇಆರ್’ ಎಂದಿರುವ ಗುಳಿಗೆಯನ್ನು ಅಗಿದರೆ ಅಥವಾ ಪುಡಿಮಾಡಿದರೆ ದಿನವಿಡೀ ಬರಬೇಕಾದ ಔಷಧವೆಲ್ಲ ಒಮ್ಮೆಲೇ ದೇಹ ಸೇರಬಹುದು. ನುಂಗಲಾರದ ಹಿರಿಯರಿದ್ದರೆ ವೈದ್ಯರನ್ನು ಕೇಳಿ ಬೇರೆ ಗುಳಿಗೆ ಪಡೆಯೋಣ. ವಿಜ್ಞಾನಿಯ ಕಾಯಕ ಸಾರ್ಥಕವಾಗುವುದು ನಮ್ಮ ಎಚ್ಚರದಲ್ಲಿ.