ಗದ್ದೆಗಿಳಿಯುವ ಗಾಡಿಯ ಹಿಡಿತ

ಮುಂಗಾರು ಹತ್ತಿರವಾದಂತೆ ಹಾಸನ ಜಿಲ್ಲೆಯ ಟೀ ಅಂಗಡಿಗಳಲ್ಲಿ ಎರಡು ವಿಷಯ ಜೋರಾಗುತ್ತವೆ. ಒಂದು, ಜಲಂಧರ್‌ನಿಂದ ಬಂದ ಆಲೂಗಡ್ಡೆ ಬಿತ್ತನೆ ಬೀಜದ ರೇಟು. ಇನ್ನೊಂದು, ಯಾರು ಯಾವ ಟ್ರಾಕ್ಟರ್ ತಂದರು ಎಂಬುದು. ಎರಡನೆಯದರಲ್ಲಿ ಒಮ್ಮತ ಎಂಬುದೇ ಇಲ್ಲ. ಹೊಳೆನರಸೀಪುರದ ನಾಲೆ ಬಯಲಿನವರು ‘ಗದ್ದೆಗೆ ಟಿಲ್ಲರೇ ಸರಿ, ದೊಡ್ಡದು ಇಳಿಸಿದ್ರೆ ಗದ್ದೆ ಆಳ ಬೀಳುತ್ತೆ’ ಅನ್ನುತ್ತಾರೆ. ಹಾಸನದ ಸುತ್ತ ಆಲೂಗಡ್ಡೆ ಬೆಳೆಯುವವರಿಗೆ ನಲವತ್ತೈದು ಎಚ್‌ಪಿಗಿಂತ ಕಡಿಮೆಯದು ಗಾಡಿಯೇ ಅಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟದವರಿಗೆ ಮರದ ಸಾಲಿನೊಳಗೆ ತಿರುಗುವ ಮಿನಿ ಬೇಕು. ಮಲೆನಾಡಿನ ಸೆರಗಿಗೆ ತಾಗಿದ ಅರಕಲಗೂಡಿನ ಕಡೆ ಕೇಳಿದರೆ ‘ಫೋರ್ ವೀಲ್ ಇಲ್ದೆ ಏರು ಹತ್ತಲ್ಲ’ ಎಂಬ ಉತ್ತರ.

ಇವರಲ್ಲಿ ಯಾರ ಮಾತೂ ತಪ್ಪಲ್ಲ. ಓಡಿಸುವವರ ಅಭಿಪ್ರಾಯ ಅವರವರ ಮಣ್ಣಿನಿಂದ ಹುಟ್ಟಿದ್ದು. ತಾಪತ್ರಯ ಶುರುವಾಗುವುದು ಒಂದು ಮಣ್ಣಿನ ಅನುಭವ ಕೇಳಿ ಇನ್ನೊಂದು ಮಣ್ಣಿಗೆ ಗಾಡಿ ಕೊಂಡಾಗ. ಹಾಗಾಗಿ ಆ ಅಭಿಪ್ರಾಯಗಳ ಹಿಂದಿರುವ ಭೌತವಿಜ್ಞಾನವನ್ನು ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು.

ಎಂಜಿನ್ನಿಗೆ ಎಷ್ಟೇ ಶಕ್ತಿಯಿರಲಿ, ಅದು ನೆಲಕ್ಕೆ ಮುಟ್ಟುವುದು ಟೈರಿನ ಕೆಳಗಿನ ಅಂಗೈ ಅಗಲದ ಕೆಲವು ಜಾಗಗಳಲ್ಲಿ ಮಾತ್ರ. ಅಲ್ಲಿ ಮಣ್ಣು ಹಿಡಿದರೆ ಗಾಡಿ ಮುಂದೆ ಹೋಗುತ್ತದೆ, ಬಿಟ್ಟರೆ ಚಕ್ರ ನಿಂತಲ್ಲೇ ತಿರುಗಿ ಡೀಸೆಲ್ ಸುಡುತ್ತದೆ. ಉಳುಮೆ ಮಾಡುವಾಗ ಚಕ್ರ ಒಂದಿಷ್ಟು ಜಾರಲೇಬೇಕು, ಏಕೆಂದರೆ ಮಣ್ಣು ಸ್ವಲ್ಪ ಒತ್ತಿಕೊಂಡ ಮೇಲೆಯೇ ಅದು ತಿರುಗಿ ತಳ್ಳುವುದು. ಗಟ್ಟಿ ನೆಲದಲ್ಲಿ ನೂರಕ್ಕೆ ಎಂಟರಿಂದ ಹದಿನೈದರಷ್ಟು ಜಾರು ಇದ್ದರೆ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದರ್ಥ. ಇದನ್ನು ಅಳೆಯಲು ಯಾವ ಉಪಕರಣವೂ ಬೇಡ. ಹಿಂದಿನ ಟೈರಿಗೆ ಸುಣ್ಣದಲ್ಲಿ ಒಂದು ಗುರುತು ಹಾಕಿ. ನೇಗಿಲು ಎತ್ತಿಕೊಂಡು ಓಡಿಸಿ, ಚಕ್ರ ಹತ್ತು ಸುತ್ತು ತಿರುಗಿದಾಗ ಎಷ್ಟು ದೂರ ಹೋಯಿತು ಎಂದು ಅಳೆಯಿರಿ. ಅದು 40 ಮೀಟರ್ ಎಂದಿಟ್ಟುಕೊಳ್ಳಿ. ಈಗ ನೇಗಿಲು ಇಳಿಸಿ ಅದೇ ಹತ್ತು ಸುತ್ತು ಓಡಿಸಿ. 34 ಮೀಟರ್ ಹೋದರೆ ಜಾರು ನೂರಕ್ಕೆ 15. ಬರೀ 28 ಮೀಟರ್ ಹೋದರೆ ಜಾರು ನೂರಕ್ಕೆ 30, ಅಂದರೆ ಹತ್ತು ಸುತ್ತಿನಲ್ಲಿ ಮೂರು ಸುತ್ತು ದಂಡ. ಆಗ ಬೇಕಿರುವುದು ಹೆಚ್ಚು ಎಚ್‌ಪಿ ಅಲ್ಲ, ಹೆಚ್ಚು ಹಿಡಿತ.

ಹಿಡಿತ ಹೆಚ್ಚಿಸುವ ಹಳೆಯ ಉಪಾಯ ಚಕ್ರದ ಮೇಲೆ ಭಾರ ಹೇರುವುದು. ಟೈರಿಗೆ ನೀರು ತುಂಬಿಸುವುದು, ಕಬ್ಬಿಣದ ತೂಕ ಬಿಗಿಯುವುದು ಇದಕ್ಕೇ. ಆದರೆ ಆ ಭಾರ ಹೊರಬೇಕಾದದ್ದೂ ಹೊಲದ ಮಣ್ಣೇ. ಮೇಲ್ಪದರ ಎಷ್ಟು ಒತ್ತಿಹೋಗುತ್ತದೆ ಎಂಬುದು ಟೈರಿನ ಗಾಳಿಯ ಒತ್ತಡವನ್ನೂ, ಒಳಪದರ ಎಷ್ಟು ಒತ್ತಿಹೋಗುತ್ತದೆ ಎಂಬುದು ಅಚ್ಚಿನ ಮೇಲಿನ ಒಟ್ಟು ಭಾರವನ್ನೂ ಅವಲಂಬಿಸಿದೆ. ಹದ ಬರುವ ಮೊದಲೇ ಆಲೂಗಡ್ಡೆ ಹೊಲಕ್ಕೆ ಎರಡು ಟನ್ನಿನ ಟ್ರಾಕ್ಟರ್ ಇಳಿಸಿದರೆ ಕೆಂಪು ಮಣ್ಣು ಒಳಗೆ ಹಲಗೆಯಂತೆ ಕಟ್ಟಿಕೊಳ್ಳುತ್ತದೆ. ಮಳೆ ನೀರು ಸಾಲಿನಲ್ಲೇ ನಿಂತು ಗೆಡ್ಡೆ ಕೊಳೆಯುತ್ತದೆ. ಮೊದಲೇ ಅಂಗಮಾರಿಯಿಂದ ನೊಂದ ಬೆಳೆಗೆ ಇದು ಇನ್ನೊಂದು ಪೆಟ್ಟು. ಈ ಒತ್ತುವಿಕೆಯ ದೊಡ್ಡ ಪಾಲು ಆಗುವುದು ಚಕ್ರ ಮೊದಲ ಸಲ ಹಾದಾಗಲೇ. ಆದ್ದರಿಂದ ಹೊಲದ ತುಂಬ ಅಡ್ಡಾದಿಡ್ಡಿ ಓಡಿಸುವುದಕ್ಕಿಂತ ಪ್ರತಿಸಲವೂ ಅದೇ ಜಾಡಿನಲ್ಲಿ ಓಡಿಸುವುದು ಲೇಸು.

ಭತ್ತದ ಗದ್ದೆಯಲ್ಲಿ ಲೆಕ್ಕ ಬೇರೆ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಪೂರ್ಣಗೊಂಡು ನಾಲೆಗಳಲ್ಲಿ ನೀರು ಹರಿದ ಮೇಲೆ ಈ ಭಾಗದ ಎಷ್ಟೋ ಹೊಲಗಳು ಗದ್ದೆಯಾದವು. ಗದ್ದೆಯಲ್ಲಿ ಕೆಸರಿನ ಕೆಳಗೆ ಒಂದು ಗಟ್ಟಿ ಪದರ ಇರಲೇಬೇಕು, ನೀರನ್ನು ಇಂಗದಂತೆ ತಡೆದು ನಿಲ್ಲಿಸುವುದು ಅದೇ. ಗಾಡಿಯನ್ನು ಹೊರುವುದೂ ಅದೇ. ಅರ್ಧ ಟನ್ನಿಗಿಂತ ಹಗುರವಾದ ಟಿಲ್ಲರ್ ಪಂಜರದಂಥ ಕಬ್ಬಿಣದ ಚಕ್ರ, ಅಂದರೆ ಕೇಜ್ ವೀಲ್ ಹಾಕಿಕೊಂಡು ಆ ಪದರದ ಮೇಲೆಯೇ ಓಡಾಡಿಬಿಡುತ್ತದೆ. ಭಾರದ ಟ್ರಾಕ್ಟರ್ ವರ್ಷವರ್ಷವೂ ಇಳಿದರೆ ಪದರ ಅಲ್ಲಲ್ಲಿ ಒಡೆಯುತ್ತದೆ, ಮುಂದಿನ ಸಲ ಚಕ್ರ ಅಲ್ಲೇ ಹೂತುಹೋಗುತ್ತದೆ. ‘ಗದ್ದೆ ಆಳ ಬೀಳುತ್ತೆ’ ಎಂಬ ಮಾತಿನ ಅರ್ಥ ಇದು. ಮಣ್ಣುವಿಜ್ಞಾನಿಯ ಸಲಕರಣೆ ಇಲ್ಲದೆ ರೈತರು ಕಂಡುಕೊಂಡ ಈ ಸತ್ಯವನ್ನು ನಾನು ಬಹಳ ಗೌರವಿಸುತ್ತೇನೆ.

ಭಾರ ಹೆಚ್ಚಿಸದೆ ಹಿಡಿತ ಹೆಚ್ಚಿಸುವ ದಾರಿಯೇ ಫೋರ್ ವೀಲ್ ಡ್ರೈವ್. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಶಕ್ತಿ ಸಿಗುವ ಟ್ರಾಕ್ಟರಿನಲ್ಲಿ ಮುಂದಿನ ಚಕ್ರಗಳ ಮೇಲಿರುವ ಮೂರನೇ ಒಂದು ಪಾಲಿನಷ್ಟು ಭಾರ ಎಳೆತಕ್ಕೆ ಬರುವುದಿಲ್ಲ. ಅವು ಬರೀ ದಾರಿ ತೋರಿಸುತ್ತ ಉರುಳುತ್ತವೆ. ಅವಕ್ಕೂ ಎಂಜಿನ್ ಶಕ್ತಿ ಕೊಟ್ಟರೆ ಗಾಡಿಯ ಇಡೀ ತೂಕ ದುಡಿಯತೊಡಗುತ್ತದೆ. ಒಂದು ಟನ್ನಿನೊಳಗಿನ ಇಪ್ಪತ್ತನಾಲ್ಕು ಎಚ್‌ಪಿ ಮಿನಿ ಗಾಡಿ ತನಗಿಂತ ದೊಡ್ಡದು ಒದ್ದಾಡುವ ಕಡೆ ದಾಟಿ ಹೋಗುವುದು ಇದರಿಂದ. 2017ರಲ್ಲಿ ಬಂದ ಮಹೀಂದ್ರ ಜೀವೋ, ಕುಬೋಟಾದ ನಿಯೋಸ್ಟಾರ್, 2023ರ ಆಗಸ್ಟ್ 15ರಂದು ಕೇಪ್‌ಟೌನ್‌ನಲ್ಲಿ ಪರಿಚಯಿಸಿದ ಮಹೀಂದ್ರ ಓಜಾ, ಎಲ್ಲವೂ ಈ ಜಾತಿಯವು.

ಇಲ್ಲೊಂದು ಸೂಕ್ಷ್ಮವಿದೆ. ಮುಂದಿನ ಚಕ್ರ ಚಿಕ್ಕದು, ಹಿಂದಿನದು ದೊಡ್ಡದು. ಎರಡೂ ಒಂದೇ ದೂರ ಕ್ರಮಿಸಲು ಮುಂದಿನದು ಹೆಚ್ಚು ಸುತ್ತಬೇಕು. ಗೇರುಗಳ ಲೆಕ್ಕ ಅದಕ್ಕೆ ತಕ್ಕಂತೆ ಇರುತ್ತದೆ, ಜೊತೆಗೆ ಮುಂದಿನ ಚಕ್ರ ಸ್ವಲ್ಪ ಹೆಚ್ಚೇ ಓಡುವಂತೆ ಬೇಕೆಂದೇ ಮಾಡಿರುತ್ತಾರೆ. ಆಗ ಮುಂದಿನದು ಎಳೆಯುತ್ತದೆ, ಹಿಂದಿನದು ತಳ್ಳುತ್ತದೆ. ಮೆತ್ತನೆ ಮಣ್ಣಿನಲ್ಲಿ ಈ ಅಂತರ ಜಾರಿನಲ್ಲಿ ಕರಗಿಹೋಗುತ್ತದೆ. ಟಾರ್ ರಸ್ತೆಯಲ್ಲಿ ಜಾರಲು ಜಾಗವೇ ಇಲ್ಲ. ಟೈರು ಉಜ್ಜಿ ಸವೆಯುತ್ತದೆ, ಗೇರುಗಳು ಒಂದರ ವಿರುದ್ಧ ಒಂದು ಬಿಗಿದುಕೊಳ್ಳುತ್ತವೆ. ‘ಮುಂದಿನ ಟೈರು ಎರಡೇ ವರ್ಷಕ್ಕೆ ಬೋಳಾಯ್ತು’ ಎಂಬ ದೂರು ಕೇಳಿದಾಗಲೆಲ್ಲ ನಾನು ಕೇಳುವುದು ಒಂದೇ: ರಸ್ತೆಗೆ ಬಂದಾಗ ಫೋರ್ ವೀಲ್ ಲಿವರ್ ಬಿಡಿಸುತ್ತೀರಾ? ಮುಂದಿನ ಟೈರು ಬದಲಿಸುವಾಗ ಕಂಪನಿ ಹೇಳಿದ ಅಳತೆಯದನ್ನೇ ಹಾಕಬೇಕಾದದ್ದೂ ಇದೇ ಕಾರಣಕ್ಕೆ. ಕಡಿದಾದ ಇಳಿಜಾರಿನ ಮಣ್ಣು ದಾರಿಯಲ್ಲಿ ಮಾತ್ರ ಫೋರ್ ವೀಲ್ ಹಾಕಿಯೇ ಇಳಿಯಬೇಕು. ಹೆಚ್ಚಿನ ಟ್ರಾಕ್ಟರ್‌ಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಲಿವರ್ ಹಾಕಿದ್ದರೆ ಆ ತಡೆ ಮುಂದಿನ ಚಕ್ರಕ್ಕೂ ಸಿಗುತ್ತದೆ.

ಇನ್ನು ಟಿಲ್ಲರ್. ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಶುರುವಾಗಿ, ಜಪಾನಿನ ಮಿತ್ಸುಬಿಷಿಯ ತಂತ್ರಜ್ಞಾನದಲ್ಲಿ ಇದನ್ನು ನಮ್ಮ ಗದ್ದೆಗಳಿಗೆ ತಂದಿತು. ಒಂಟಿ ಸಿಲಿಂಡರ್, ಹದಿಮೂರು ಎಚ್‌ಪಿ, ಎರಡು ಚಕ್ರ. ಹಗಲು ಗದ್ದೆಯಲ್ಲಿ ಕೆಸರು ಮಾಡಿ, ಸಂಜೆ ಟ್ರೈಲರ್ ಕಟ್ಟಿಕೊಂಡು ಹುಲ್ಲು, ಗೊಬ್ಬರ, ಜನ ಎಲ್ಲವನ್ನೂ ಹೊರುವ ಈ ಗಾಡಿಗೆ ಸ್ಟೀರಿಂಗ್ ಚಕ್ರವಿಲ್ಲ. ಎರಡು ಹಿಡಿಗಳ ಕೆಳಗೆ ಎರಡು ಕ್ಲಚ್ಚುಗಳಿವೆ. ಎಡಗೈಯದನ್ನು ಒತ್ತಿದರೆ ಎಡ ಚಕ್ರಕ್ಕೆ ಎಂಜಿನ್ ಸಂಬಂಧ ತಪ್ಪುತ್ತದೆ. ಬಲ ಚಕ್ರ ತಳ್ಳುತ್ತಲೇ ಇರುವುದರಿಂದ ಗಾಡಿ ಎಡಕ್ಕೆ ತಿರುಗುತ್ತದೆ. ಸಮನೆಲದಲ್ಲಿ ಮಕ್ಕಳೂ ಕಲಿಯುವಷ್ಟು ಸುಲಭ.

ಅರಕಲಗೂಡಿನ ಕಡೆಯ ಒಂದು ಇಳಿಜಾರಿನಲ್ಲಿ ತುಂಬಿದ ಟ್ರೈಲರಿನ ಟಿಲ್ಲರ್ ಇಳಿಸುತ್ತಿದ್ದ ಹಿರಿಯರೊಬ್ಬರನ್ನು ಗಮನಿಸಿದ್ದೇನೆ. ಅವರ ಬೆರಳುಗಳು ಕ್ಲಚ್ಚಿನಿಂದ ಪೂರ್ತಿ ಹೊರಗಿದ್ದವು. ಕಾಲು ಟ್ರೈಲರಿನ ಬ್ರೇಕ್ ಮೇಲೆ. ತಿರುವು ಬಂದಾಗ ಇಡೀ ಹಿಡಿಯನ್ನೇ ಮೈಭಾರ ಕೊಟ್ಟು ಪಕ್ಕಕ್ಕೆ ದೂಡಿದರು. ‘ಇಳಿಜಾರಲ್ಲಿ ಇದು ಉಲ್ಟಾ ತಿರುಗ್ತದೆ ಸ್ವಾಮಿ’ ಅಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ತಳ್ಳುತ್ತಿರುವುದಿಲ್ಲ, ಹಿಡಿದುಕೊಂಡಿರುತ್ತದೆ. ತಳ್ಳುತ್ತಿರುವುದು ಹಿಂದಿನ ಟ್ರೈಲರಿನ ಭಾರ. ಆಗ ಎಡ ಕ್ಲಚ್ ಒತ್ತಿದರೆ ಎಡ ಚಕ್ರ ಎಂಜಿನ್ನಿನ ಹಿಡಿತದಿಂದ ಬಿಡುಗಡೆಯಾಗಿ ಸರ್ರನೆ ಮುಂದೆ ಓಡುತ್ತದೆ. ಬಲ ಚಕ್ರ ಹಿಡಿದೇ ಇರುತ್ತದೆ. ಗಾಡಿ ತಿರುಗುವುದು ಬಲಕ್ಕೆ. ಎಡಕ್ಕೆ ಬೇಕೆಂದವನು ಬಲಕ್ಕೆ ಹೋಗುವುದನ್ನು ಕಂಡು ಗಾಬರಿಯಿಂದ ಇನ್ನೂ ಗಟ್ಟಿಯಾಗಿ ಎಡವನ್ನೇ ಒತ್ತುತ್ತಾನೆ, ಕ್ಷಣದಲ್ಲಿ ಗಾಡಿ ಹಳ್ಳದಲ್ಲಿ. ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕಿಕೊಂಡು, ನ್ಯೂಟ್ರಲ್ ಮಾಡದೆ, ಕ್ಲಚ್ ಮುಟ್ಟದೆ ಇಳಿಯುವುದೊಂದೇ ಸುರಕ್ಷಿತ ಕ್ರಮ. ಟಿಲ್ಲರ್ ಕೊಡುವವರು ಎಂಜಿನ್ ಆಯಿಲ್ ಬಗ್ಗೆ ಹೇಳುವ ಮೊದಲು ಇದನ್ನು ಹೇಳಬೇಕು. ಮನೆಯ ಹುಡುಗನ ಕೈಗೆ ಹ್ಯಾಂಡಲ್ ಕೊಡುವ ಮೊದಲು ನಾವೂ ಹೇಳಬೇಕು.

ಹೊರದೇಶಗಳಲ್ಲಿ ಇಂಥ ಎಲ್ಲ ನೆಲಕ್ಕೂ ಹೋಗುವ ಗಾಡಿ ಎಂದರೆ ಎಟಿವಿ. 1970ರಲ್ಲಿ ಹೋಂಡಾ ಕಂಪನಿ ಉಬ್ಬಿದ ಬಲೂನಿನಂಥ ಮೂರು ಟೈರುಗಳ ಮೇಲೆ ಮೊದಲನೆಯದನ್ನು ತಂದಿತು. ಕಾರಿನ ಟೈರಿಗೆ 30 ಪಿಎಸ್‌ಐ ಗಾಳಿ ಬೇಕಾದರೆ ಇವಕ್ಕೆ ಹತ್ತಕ್ಕಿಂತ ಕಡಿಮೆ ಸಾಕು. ಅದರಿಂದಲೇ ಮರಳು, ಕೆಸರಿನ ಮೇಲೆ ತೇಲಿದಂತೆ ಹೋಗುತ್ತವೆ. ಮೂರು ಚಕ್ರದವು ಮಗುಚಿ ಬಿದ್ದು ಅಮೆರಿಕದಲ್ಲಿ ಬಹಳ ಜನ ಸತ್ತ ಮೇಲೆ 1988ರಲ್ಲಿ ಅವುಗಳ ಮಾರಾಟ ನಿಂತು, ನಾಲ್ಕು ಚಕ್ರದವು ಉಳಿದವು. ನಮ್ಮಲ್ಲಿ ಪೋಲಾರಿಸ್ ಕಂಪನಿ ಒಂದು ಎಟಿವಿಯನ್ನು ಟ್ರಾಕ್ಟರ್ ಎಂದೇ ನೋಂದಣಿಯಾಗುವಂತೆ ತಂದದ್ದೂ ಉಂಟು. ಕಾಫಿ ತೋಟದ ಮಾಲೀಕರಿಗೆ ಅದು ಸುತ್ತಾಡಲು ಅನುಕೂಲ ಇರಬಹುದು, ಆದರೆ ನಾಲ್ಕು ಎಕರೆ ಗದ್ದೆಯವರಿಗೆ ಅದೇ ಹಣದಲ್ಲಿ ಉಳುವ ಗಾಡಿ ಬರುವಾಗ ಅದು ಬೇಡವೆಂದೇ ನನ್ನ ಅಭಿಪ್ರಾಯ.

ಹೊಸ ಮಾದರಿಗಳ ಸೌಲಭ್ಯಗಳಲ್ಲಿ ಪವರ್ ಸ್ಟೀರಿಂಗ್ ಬಗ್ಗೆ ಎಲ್ಲರದೂ ಒಂದೇ ಮಾತು, ಒಮ್ಮೆ ಓಡಿಸಿದವರು ಹಳೆಯದಕ್ಕೆ ಮರಳುವುದಿಲ್ಲ. ಮುಂದಕ್ಕೆ, ಹಿಂದಕ್ಕೆ ಒಂದೇ ಲಿವರಿನಲ್ಲಿ ಬದಲಿಸುವ ವ್ಯವಸ್ಥೆ ತೆಂಗಿನ ತೋಟದಲ್ಲಿ ದುಡ್ಡಿಗೆ ತಕ್ಕದ್ದು. ಡಿಫರೆನ್ಷಿಯಲ್ ಲಾಕ್ ಬಹುಪಾಲು ಗಾಡಿಗಳಲ್ಲಿ ಇದ್ದರೂ ಕಾಲಿಡುವವರು ಕಡಿಮೆ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗತೊಡಗಿದಾಗ ಆ ಪೆಡಲ್ ಎರಡೂ ಚಕ್ರಗಳನ್ನು ಬೆಸೆದು ಗಟ್ಟಿ ನೆಲದ ಮೇಲಿರುವ ಚಕ್ರಕ್ಕೆ ಬಲ ಕೊಡುತ್ತದೆ. ಗಾಡಿ ನೇರ ಇರುವಾಗ ಮಾತ್ರ ಒತ್ತಬೇಕು, ತಿರುಗಿಸುವ ಮೊದಲು ಬಿಡಬೇಕು.

ಹೂತ ಟ್ರಾಕ್ಟರ್ ಎತ್ತಲು ಚಕ್ರಕ್ಕೆ ದಿಮ್ಮಿ ಕಟ್ಟಿ ಮುಂದಕ್ಕೆ ಆಕ್ಸಿಲರೇಟರ್ ಕೊಡುವ ಅಭ್ಯಾಸ ಇನ್ನೂ ಇದೆ. ಚಕ್ರ ತಿರುಗದಿದ್ದರೆ ಎಂಜಿನ್ನಿನ ಬಲ ಗಾಡಿಯ ಮೈಯನ್ನೇ ಅಚ್ಚಿನ ಸುತ್ತ ಎತ್ತುತ್ತದೆ. ಮೂತಿ ಮೇಲೆದ್ದು ಗಾಡಿ ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡು ಸಾಕು, ಕ್ಲಚ್ ತುಳಿಯಲೂ ಸಮಯ ಸಿಗುವುದಿಲ್ಲ. ಹೂತರೆ ರಿವರ್ಸ್‌ನಲ್ಲಿ ತೆಗೆಯಲು ನೋಡಿ, ಆಗದಿದ್ದರೆ ಇನ್ನೊಂದು ಗಾಡಿ ಕರೆಸಿ.

ಸ್ವಂತಕ್ಕೆ ಕೊಳ್ಳುವ ಮುಂಚೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಸಿಗುವ ಗಾಡಿಯನ್ನು ಬಾಡಿಗೆಗೆ ತಂದು ನಿಮ್ಮದೇ ಮಣ್ಣಿನಲ್ಲಿ, ಹದವಿರುವ ದಿನ, ಸುಣ್ಣದ ಗುರುತು ಹಾಕಿ ಹತ್ತು ಸುತ್ತು ಓಡಿಸಿ ನೋಡಿ. ಶೋರೂಮಿಗೆ ಹೋದಾಗ ಎಚ್‌ಪಿ, ಸಬ್ಸಿಡಿ ಎಷ್ಟೆಂದು ಕೇಳಿದ ಮೇಲೆ, ಮಗುಚಿದರೆ ಜೀವ ಉಳಿಸುವ ಕಬ್ಬಿಣದ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಇದೆಯೇ ಎಂದೂ ಕೇಳಿ. ಇಲ್ಲ ಅಂದರೆ ಹಾಕಿಸಿಕೊಡುವಂತೆ ಪಟ್ಟು ಹಿಡಿಯಿರಿ.